ಗಡಿಯಾರ ಮಾಡಿದವನು, ಹುಟ್ಟುಕುರುಡನ ಕಣ್ಣು

ಸತ್ಯವೇದ ತೆಗೆಯಿರಿ, ರೋಮಾಪುರದವರಿಗೆ ಬರೆದ ಪತ್ರಿಕೆ, 1ನೇ ಅಧ್ಯಾಯ, 20ನೇ ವಚನ. ಮೊಬೈಲ್‌ನಲ್ಲಿ ತೆಗೆದ್ರೂ ಪರವಾಗಿಲ್ಲ, ನೋಟಿಫಿಕೇಶನ್ ಮಾತ್ರ ಆಫ್ ಮಾಡಿ.

ಪೌಲನು ಇಲ್ಲಿ ಹೇಳೋದು ಏನು? ದೇವರು ಕಣ್ಣಿಗೆ ಕಾಣೋದಿಲ್ಲ, ಆದರೂ ಆತನ ಶಕ್ತಿ, ಆತನ ದೈವತ್ವ ಆತನು ಮಾಡಿದವುಗಳಿಂದ ಗೊತ್ತಾಗುತ್ತೆ. 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ ಇದನ್ನೇ ಒಂದು ಗಡಿಯಾರ ಇಟ್ಟುಕೊಂಡು ವಿವರಿಸಿದರು. ಬಯಲಲ್ಲಿ ಕಲ್ಲು ಎಡವಿದರೆ, ಮೊದಲಿಂದ ಇಲ್ಲೇ ಬಿದ್ದಿತ್ತು ಅಂದ್ಕೊಂಡು ಮುಂದೆ ಹೋಗ್ತೀವಿ. ಗಡಿಯಾರ ಸಿಕ್ಕಿದ್ರೆ? ಸ್ಪ್ರಿಂಗು, ಹಲ್ಲುಚಕ್ರ, ಮುಳ್ಳು ಒಂದಕ್ಕೊಂದು ಹೊಂದಿಕೊಂಡು ಸಮಯ ತೋರಿಸೋದನ್ನ ನೋಡಿ, ಯಾರೋ ಮಾಡಿದ್ದಾರೆ ಅಂತೀವಿ. ಹಾಗಾದ್ರೆ ಕಣ್ಣು? ದೂರದರ್ಶಕಕ್ಕೆ ಇರೋ ಹಾಗೆ ಅದಕ್ಕೂ ಮಸೂರ ಇದೆಯಲ್ಲ?

ಆಫೀಸ್‌ನಲ್ಲಿ ಯಾರಾದ್ರೂ "ಡಾರ್ವಿನ್ ಬಂದ ಮೇಲೆ ಇದೆಲ್ಲ ಮುಗೀತಲ್ಲ" ಅಂದ್ರೆ ಕೋಪ ಮಾಡ್ಕೋಬೇಡಿ. ವಾಟ್ಸ್ಆ್ಯಪ್ ಫಾರ್ವರ್ಡ್ ತೋರಿಸಿ ವಾದಕ್ಕೆ ನಿಲ್ಲಬೇಡಿ, ದಯವಿಟ್ಟು. ಡಾರ್ವಿನ್ ಕೂಡ ಪೇಲಿಯನ್ನು ಓದಿ ಮೆಚ್ಚಿದವರೇ. ಸಣ್ಣ ಸಣ್ಣ ವ್ಯತ್ಯಾಸಗಳು ತಲೆಮಾರುಗಟ್ಟಲೆ ಕೂಡುತ್ತಾ ಹೋದರೆ ಕಣ್ಣಿನಂಥ ಅಂಗವೂ ಹಂತಹಂತವಾಗಿ ಆಗಬಹುದು ಅಂತ 1859ರಲ್ಲಿ ಬರೆದರು. ಅದು ಹೇಗಾಯ್ತು ಅನ್ನೋ ಪ್ರಶ್ನೆಗೆ ಉತ್ತರ. ಆ ನಿಯಮ ಯಾಕಿದೆ, ಏನೂ ಇಲ್ಲದಿರೋ ಬದಲು ಇಷ್ಟೆಲ್ಲ ಯಾಕಿದೆ ಅನ್ನೋದು ಹಾಗೇ ಉಳೀತು.

ನನಗೆ ಹೆಚ್ಚು ಭಾರ ಅನ್ಸೋದು ಅವರ ಇನ್ನೊಂದು ಮಾತು. 1860ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ (ಅವರು ಕ್ರೈಸ್ತರೇ) ಡಾರ್ವಿನ್ ಕಾಗದ ಬರೆದರು. ಒಂದು ಜಾತಿ ಕಣಜದ ಮರಿಗಳು ಬದುಕಿರೋ ಕಂಬಳಿಹುಳದ ಒಳಗೇ ಇದ್ದು ಅದನ್ನ ತಿಂದು ಬೆಳೀತವೆ. ಇದನ್ನ ಒಳ್ಳೆಯ ದೇವರು ಬೇಕಂತಲೇ ಮಾಡಿದ ಅಂತ ಅವರಿಗೆ ನಂಬೋಕಾಗಲಿಲ್ಲ. ಅದಕ್ಕೆ 9 ವರ್ಷ ಮುಂಚೆ, 1851ರಲ್ಲಿ, ಅವರ 10 ವರ್ಷದ ಮಗಳು ಆ್ಯನಿ ತೀರಿಕೊಂಡಿದ್ದಳು.

ನಮ್ಮ ಸಭೆಯಲ್ಲೂ ಒಬ್ಬ ತಂಗಿ ಕೇಳಿದಳು, "ಬ್ರದರ್, ನನ್ನ ಮಗುವಿನ ಹೃದಯ ದೇವರೇ ರೂಪಿಸಿದ್ದಾದ್ರೆ, ಅದರಲ್ಲಿರೋ ತೂತು ಯಾರು ಮಾಡಿದ್ದು?" ನೆಂಟರು ಬೇರೆ, ಯಾರ ಪಾಪದ ಫಲವೋ ಅಂದರಂತೆ. ಆಕೆಗೆ ನಾನು ಗಡಿಯಾರದ ಕಥೆ ಹೇಳಲಿಲ್ಲ. ಇಬ್ಬರೂ ಕೂತು ಯೋಹಾನ 9ನೇ ಅಧ್ಯಾಯ ಓದಿದೆವು.

ಅಲ್ಲೂ ಕಣ್ಣಿನ ವಿಷಯವೇ, ಆದ್ರೆ ಹುಟ್ಟಿದಾಗಿನಿಂದ ಕಾಣದ ಕಣ್ಣು. ಶಿಷ್ಯರು ಕೇಳಿದ್ದೂ ಆ ನೆಂಟರ ಪ್ರಶ್ನೆಯನ್ನೇ: ಇವನ ಪಾಪವೋ, ತಂದೆತಾಯಿಯ ಪಾಪವೋ? ಯೇಸು ಎರಡನ್ನೂ ತಳ್ಳಿಹಾಕಿದನು. ನೆಲಕ್ಕೆ ಉಗುಳಿ, ಮಣ್ಣು ಕಲಸಿ, ಆ ಕಣ್ಣಿಗೆ ಹಚ್ಚಿದನು. ಆದಾಮನನ್ನು ಮಣ್ಣಿನಿಂದ ರೂಪಿಸಿದ ಕೈ ಮತ್ತೆ ಮಣ್ಣು ಹಿಡಿಯಿತು! ಹಲ್ಲೆಲೂಯಾ! ಗಡಿಯಾರ ಮಾಡಿದವನು ಅದನ್ನ ಮಾರಿ ಹೊರಟುಹೋಗಬಹುದು. ಈತನು ಹಾಳಾದದ್ದರ ಹತ್ತಿರ ಬಂದು ಕೈ ಕೆಸರು ಮಾಡ್ಕೊಂಡ. ಪೇಲಿಯವರ ವಾದ ಬಾಗಿಲ ತನಕ ಕರ್ಕೊಂಡು ಬರುತ್ತೆ, ಒಳಗಿರೋದು ತಂದೆ ಅಂತ ತೋರಿಸಿದ್ದು ಯೇಸು. ಆಮೆನ್?

ಆ ಮಗುವಿನ ಆಪರೇಷನ್ ಈ ಗುರುವಾರ ಇದೆ. ರಕ್ತ ಕೊಡೋಕೆ ಆಗುವವರು ಆರಾಧನೆ ಆದ್ಮೇಲೆ ಬಾಗಿಲ ಹತ್ತಿರ ಹೆಸರು ಬರೆಸಿ. ಈಗ ಎಲ್ಲರೂ ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.