ಮಾರುವವನ ಮೌನ

ಮಾರುವವನು ತನ್ನ ಸರಕಿನ ದೋಷವನ್ನು ತಾನಾಗಿಯೇ ಹೇಳಬೇಕೆ? ಕೇಳಿದಾಗ ಸುಳ್ಳು ಹೇಳಬಾರದು ಎಂಬುದನ್ನು ನಾವೆಲ್ಲರೂ ಒಪ್ಪುತ್ತೇವೆ. ಆದರೆ ಯಾರೂ ಕೇಳದಿದ್ದರೆ? ನಮ್ಮ ದನಗಳ ಜಾತ್ರೆಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುವುದನ್ನು ನೀವು ಕಂಡಿರಬಹುದು. ಕೊಳ್ಳುವವನು ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಅವನ ಕಣ್ಣಿಗೆ ಬೀಳದೆ ಹೋದದ್ದು ಅವನ ಹಣೆಬರಹ, ಮಾರಿದವನ ತಪ್ಪಲ್ಲ ಎಂಬುದೇ ಅಲ್ಲಿಯ ಅಲಿಖಿತ ನಿಯಮ.

ಈ ನಿಯಮ ಎಷ್ಟರ ಮಟ್ಟಿಗೆ ನ್ಯಾಯ ಎಂದು ವಿಚಾರ ಮಾಡಲು ನಾನು ಓದುಗರನ್ನು ಸ್ವಲ್ಪ ದೂರ, ಅಮೆರಿಕದ ಕ್ಯಾನ್ಸಸ್, ನೆಬ್ರಾಸ್ಕಾ, ಮೊಂಟಾನಾ ಮುಂತಾದ ಬಯಲು ಸೀಮೆಗಳಿಗೆ ಕರೆದೊಯ್ಯಬೇಕಾಗಿದೆ. ಅಲ್ಲಿ ಮಾಂಸಕ್ಕಾಗಿ ದನ ಸಾಕುವುದು ಅನೇಕ ಕುಟುಂಬಗಳ ಕುಲಕಸುಬು. (ನಮ್ಮ ನಾಡಿನಲ್ಲಿ ಈ ಮಾತಿಗೆ ಬೇರೆಯೇ ಬಿಸಿ ಇದೆ. ಆ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ.) ಅಲ್ಲಿನ ಪ್ರಶ್ನೆಯನ್ನು ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಆ ದೋಷ ಕೊಳ್ಳುವವನ ಕಣ್ಣಿಗೆ ಮಾತ್ರವಲ್ಲ, ಪಶುವೈದ್ಯನ ಕಣ್ಣಿಗೂ ಕಾಣುವಂಥದಲ್ಲ.

ಅಲ್ಲಿಯ ರ‍್ಯಾಂಚ್‌ಗಳಲ್ಲಿ ಎರಡು ಬಗೆ. ಹೆಚ್ಚಿನವರು ಕರುಗಳನ್ನು ಬೆಳೆಸಿ ತೂಕಕ್ಕೆ ಮಾರುವವರು. ಇನ್ನು ಕೆಲವು ಕುಟುಂಬಗಳು ನೋಂದಾಯಿತ ತಳಿಯನ್ನು ಕಾಪಾಡಿಕೊಂಡು, ಆ ಹೆಚ್ಚಿನವರಿಗೆ ಬೇಕಾದ ಬೀಜದ ಗೂಳಿಗಳನ್ನು ಒದಗಿಸುವವರು. ಇವರ ಮನೆಯಲ್ಲಿ ಕರು ಹುಟ್ಟಿತೆಂದರೆ ಅದನ್ನು ತೂಗಿ, ಕಿವಿಯಲ್ಲಿ ಹಚ್ಚೆಯ ಗುರುತು ಹಾಕಿ, ಹುಟ್ಟಿದ ದಿನ, ತಾಯಿ ಯಾವುದು, ತಂದೆ ಯಾವುದು ಎಂದು ಬರೆದು ತಳಿಯ ಸಂಘಕ್ಕೆ ಕಳುಹಿಸಬೇಕು. ಹಾಲು ಬಿಡಿಸುವಾಗ, ಅಂದರೆ ಸುಮಾರು ಏಳು ತಿಂಗಳಿಗೆ, ಮತ್ತೆ ತೂಕ. ಇಂಗ್ಲೆಂಡಿನಲ್ಲಿ ಜಾರ್ಜ್ ಕೋಟ್ಸ್ ಎಂಬವರು ಶಾರ್ಟ್‌ಹಾರ್ನ್ ದನಗಳ ವಂಶಾವಳಿಯನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ್ದು 1822ರಲ್ಲಿ. ಕಪ್ಪು ಬಣ್ಣದ, ಕೋಡಿಲ್ಲದ ಆಂಗಸ್ ತಳಿಗೆ ಅಮೆರಿಕದಲ್ಲಿ ಸಂಘ ಹುಟ್ಟಿದ್ದು 1883ರಲ್ಲಿ. ಇಂದು ಆ ಸಂಘದ ಕಚೇರಿ ಮಿಸ್ಸೋರಿ ರಾಜ್ಯದಲ್ಲಿ, ಸಂತ ಜೋಸೆಫರ ಹೆಸರು ಹೊತ್ತ ಪಟ್ಟಣದಲ್ಲಿದೆ. ವರ್ಷಕ್ಕೆ ಮೂರು ಲಕ್ಷದ ಆಸುಪಾಸು ಕರುಗಳು ಅಲ್ಲಿ ನೋಂದಾಯಿತವಾಗುತ್ತವೆ. ಪ್ರತಿ ಧರ್ಮಕೇಂದ್ರದಲ್ಲಿ ಜ್ಞಾನಸ್ನಾನದ ದಾಖಲೆ ಪುಸ್ತಕ ಇರುವುದನ್ನು ಬಲ್ಲ ನಮಗೆ ಇದೇನೂ ವಿಚಿತ್ರವೆನಿಸದು.

ನಮಗೂ ಆ ಪುಸ್ತಕಗಳಿಗೂ ಸಣ್ಣದೊಂದು ನಂಟಿದೆ. ಅಮೆರಿಕದ ಸೆಖೆಯ ದಕ್ಷಿಣ ಭಾಗಕ್ಕೆ ಹೊಂದುವ 'ಬ್ರಾಹ್ಮನ್' ಎಂಬ ತಳಿಗೆ 1924ರಲ್ಲಿ ಸಂಘ ಕಟ್ಟಲಾಯಿತು. ಅದರ ಮೂಲದಲ್ಲಿರುವುದು ಗುಜರಾತಿನ ಕಾಂಕ್ರೇಜ್ ಮತ್ತು ಗಿರ್, ಆಂಧ್ರದ ಒಂಗೋಲು, ಜೊತೆಗೆ ಸ್ವಲ್ಪ ಮಟ್ಟಿಗೆ ನಮ್ಮ ಉತ್ತರ ಕರ್ನಾಟಕದ ಕೃಷ್ಣಾ ತೀರದ ದನಗಳು.

ಇರಲಿ, ವಿಷಯಕ್ಕೆ ಬರೋಣ. ಈ ವಂಶಾವಳಿಯ ಕಾಗದ ನಿಂತಿರುವುದು ಯಾವುದರ ಮೇಲೆ? ಬಹುಕಾಲದವರೆಗೆ ಅದು ಯಜಮಾನನ ಬಾಯಿಮಾತಿನ ಮೇಲೆ ಮಾತ್ರ ನಿಂತಿತ್ತು. ಬೇಲಿ ಹಾರಿ ಬಂದ ಪಕ್ಕದ ಮನೆಯ ಗೂಳಿಯೇ ಕರುವಿನ ತಂದೆ ಎಂದು ಅವನಿಗೊಬ್ಬನಿಗೆ ಗೊತ್ತಿದ್ದರೂ, ಅವನು ಬರೆದು ಕಳುಹಿಸಿದ ಹೆಸರೇ ಅಚ್ಚಾಗುತ್ತಿತ್ತು. ರಕ್ತ ಪರೀಕ್ಷೆ, ಡಿ.ಎನ್.ಎ. ಪರೀಕ್ಷೆ ಎಲ್ಲ ಅನಂತರ ಬಂದವು. ಸಾವಿರಾರು ಮನೆಗಳ ಯಜಮಾನರು, ಪರಸ್ಪರ ಮುಖ ಕಾಣದವರು, ಒಬ್ಬರ ಮಾತನ್ನು ಇನ್ನೊಬ್ಬರು ನಂಬಿ ಕಟ್ಟಿದ ಪುಸ್ತಕ ಅದು.

2008ರ ಸೆಪ್ಟೆಂಬರ್‌ನಲ್ಲಿ ಈ ನಂಬಿಕೆಗೆ ದೊಡ್ಡ ಪರೀಕ್ಷೆ ಬಂತು. ಆಂಗಸ್ ಹಿಂಡುಗಳಲ್ಲಿ ಅಲ್ಲೊಂದು ಇಲ್ಲೊಂದು ಕರು ಬೆನ್ನು ತಿರುಚಿಕೊಂಡು, ಕಾಲುಗಳು ಕಟ್ಟಿಗೆಯಂತೆ ಸೆಟೆದು, ಸತ್ತೇ ಹುಟ್ಟುತ್ತಿತ್ತು. ರೈತರು ಅದನ್ನು 'ಸುರುಳಿ ಕರು' ಎಂದು ಕರೆದರು. ಸತ್ತ ಕರುಗಳ ವಂಶಾವಳಿ ತೆಗೆದು ನೋಡಿದರೆ, ತಾಯಿಯ ಕಡೆಯಿಂದಲೂ ತಂದೆಯ ಕಡೆಯಿಂದಲೂ ಒಂದೇ ಹೆಸರು ಎದುರಾಗುತ್ತಿತ್ತು. ಅದು 1990ರಲ್ಲಿ ಹುಟ್ಟಿದ ಜಿ.ಎ.ಆರ್. ಪ್ರಿಸಿಷನ್ 1680 ಎಂಬ ಹೆಸರಾಂತ ಗೂಳಿ. ಬೆಳವಣಿಗೆ, ಮಾಂಸದ ಗುಣ ಎರಡರಲ್ಲೂ ಮೇಲಾದದ್ದೆಂದು ಅದರ ವೀರ್ಯವನ್ನು ಕೃತಕ ಗರ್ಭಧಾರಣೆಗೆ ಧಾರಾಳವಾಗಿ ಬಳಸಲಾಗಿತ್ತು. ಆ ಹೊತ್ತಿಗೆ ಅದರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ದೇಶದ ತುಂಬ ಹರಡಿದ್ದರು. ಇಲಿನಾಯ್ ವಿಶ್ವವಿದ್ಯಾಲಯದ ಜೊನಾಥನ್ ಬೀವರ್ ದೋಷದ ಮೂಲ ಕಂಡುಹಿಡಿದು, ಆ ವರ್ಷ ಮುಗಿಯುವ ಮೊದಲೇ ಅದಕ್ಕೆ ಡಿ.ಎನ್.ಎ. ಪರೀಕ್ಷೆಯನ್ನೂ ಸಿದ್ಧಪಡಿಸಿದರು. ದೋಷ ಹೊತ್ತಿವೆಯೆಂದು ಸಾಬೀತಾದ ಗೂಳಿಗಳ ಹೆಸರುಗಳನ್ನು ಸಂಘ ಬಹಿರಂಗವಾಗಿ ಪ್ರಕಟಿಸಿತು.

ಇಲ್ಲಿ ಯಾರೂ ಮೋಸ ಮಾಡಿರಲಿಲ್ಲ ಎಂಬುದನ್ನು ಗಮನಿಸಬೇಕು. ದೋಷದ ಒಂದೇ ಪ್ರತಿಯನ್ನು ಹೊತ್ತ ಪಶು ಸಂಪೂರ್ಣ ಆರೋಗ್ಯವಾಗಿರುತ್ತದೆ. ನಿರ್ದೋಷ ಪಶುವಿನೊಂದಿಗೆ ಕೂಡಿದರೆ ಅದರ ಕರುಗಳಲ್ಲಿ ಸರಾಸರಿ ಅರ್ಧದಷ್ಟು ದೋಷವನ್ನು ಹೊರುತ್ತವೆ, ಆದರೆ ಒಂದೂ ಸಾಯುವುದಿಲ್ಲ. ದೋಷ ಹೊತ್ತ ಎರಡು ಪಶುಗಳು ಕೂಡಿದಾಗ ಮಾತ್ರ ನಾಲ್ಕರಲ್ಲಿ ಒಂದು ಕರು ಸುರುಳಿಯಾಗುತ್ತದೆ. 1950ರ ದಶಕದಲ್ಲಿ ಹೆರ್‌ಫರ್ಡ್ ತಳಿಯಲ್ಲಿ ಕುಬ್ಜ ಕರುಗಳು ಹುಟ್ಟತೊಡಗಿದಾಗ ಡಿ.ಎನ್.ಎ. ಪರೀಕ್ಷೆ ಇರಲಿಲ್ಲ. ಒಂದು ಗೂಳಿ ಶುದ್ಧವೋ ಅಲ್ಲವೋ ಎಂದು ಅರಿಯಲು, ಹಿಂದೆ ಕುಬ್ಜ ಕರು ಹಾಕಿದ್ದ ಹಸುಗಳೊಂದಿಗೆ ಅದನ್ನು ಕೂಡಿಸಿ, ಒಂಬತ್ತು ತಿಂಗಳು ಕಾದು, ಸಾಲಾಗಿ ಹದಿನಾರು ಕರುಗಳಾದರೂ ನೆಟ್ಟಗೆ ಹುಟ್ಟಿದರೆ ಮಾತ್ರ ನೂರಕ್ಕೆ ತೊಂಬತ್ತೊಂಬತ್ತರಷ್ಟು ಭರವಸೆ. ಸತ್ಯ ತಿಳಿಯುವುದಕ್ಕೇ ಅಷ್ಟು ಬೆಲೆ ತೆರಬೇಕಾದಾಗ, ತಿಳಿಯದೆ ಇರುವುದೇ ಲೇಸು ಎಂಬ ಆಸೆ ಹುಟ್ಟುವುದು ಸಹಜ.

ಆ ಆಸೆಯನ್ನು ಒಂದು ಮನೆಯೊಳಗೆ ನಿಂತು ನೋಡೋಣ. ಬೆಳಗಿನ ಜಾವ ಹಿಮದಲ್ಲಿ ಕರು ಹಾಕುವ ಹಸುಗಳನ್ನು ನೋಡಲು ಹೋದ ಯಜಮಾನನಿಗೆ ತಿರುಚಿದ ಕರುವೊಂದು ಸಿಗುತ್ತದೆ ಎನ್ನಿ. ಇನ್ನು ಎರಡು ತಿಂಗಳಿಗೆ ಗೂಳಿಗಳ ವಾರ್ಷಿಕ ಹರಾಜು. ವರ್ಷದ ಆದಾಯವೆಲ್ಲ ಆ ಒಂದೇ ದಿನದ್ದು. ಬ್ಯಾಂಕಿನ ಸಾಲ ಇದೆ, ಅಜ್ಜ ಆರಂಭಿಸಿದ ಹಿಂಡು ಇದೆ, ಕಾಲೇಜಿಗೆ ಹೊರಟ ಮಗಳಿದ್ದಾಳೆ. ಕಂಡವರು ಯಾರೂ ಇಲ್ಲ. ಗುಂಡಿ ತೋಡಿ ಮುಚ್ಚಿದರೆ ಮುಗಿಯಿತು. ಆ ಸೀಮೆಯಲ್ಲಿ ಇದಕ್ಕೊಂದು ನಾಣ್ಣುಡಿಯೇ ಉಂಟು: ಗುಂಡು ಹೊಡೆ, ಹೂತುಬಿಡು, ಬಾಯಿ ಮುಚ್ಚು. 2003ರಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಒಂದೇ ಒಂದು ಹಸುವಿಗೆ ಹುಚ್ಚುಹಸು ರೋಗ ಪತ್ತೆಯಾಗಿ ದನದ ವ್ಯಾಪಾರಕ್ಕೆ ಗಡಿಗಳೆಲ್ಲ ಮುಚ್ಚಿದಾಗ, ಆ ಪ್ರಾಂತ್ಯದ ಪ್ರೀಮಿಯರ್ ರಾಲ್ಫ್ ಕ್ಲೈನ್ ಅವರೇ, ಮರ್ಯಾದಸ್ಥ ರೈತನಾಗಿದ್ದರೆ ಹಾಗೆ ಮಾಡುತ್ತಿದ್ದ ಎಂಬರ್ಥದ ಮಾತಾಡಿ ಟೀಕೆಗೆ ಗುರಿಯಾದರು. ಮಾತು ಒರಟಾಗಿತ್ತು, ಆದರೆ ಹಲವರ ಮನದಲ್ಲಿದ್ದದ್ದನ್ನೇ ಅವರು ಬಾಯಿಬಿಟ್ಟು ಹೇಳಿದ್ದರು.

ಈ ಯಜಮಾನನನ್ನು ದುಷ್ಟನೆಂದು ತಳ್ಳಿಹಾಕುವುದು ಸುಲಭ. ಅವನು ಹಣದಾಸೆಯವನಲ್ಲ, ಮನೆಯನ್ನು ಉಳಿಸಿಕೊಳ್ಳಬೇಕೆನ್ನುವವನು. ಮಕ್ಕಳ ಮೇಲಿನ ಕರ್ತವ್ಯವೂ ಕರ್ತವ್ಯವೇ ತಾನೆ? ಹಾಗಾದರೆ ಅವನ ಮೌನ ತಪ್ಪು ಎನ್ನಲು ಕಾರಣವೇನು?

ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೊ, ಅಥೆನ್ಸಿನಲ್ಲಿ ಓದುತ್ತಿದ್ದ ತನ್ನ ಮಗನಿಗಾಗಿ ಕರ್ತವ್ಯಗಳ ಕುರಿತು ಒಂದು ಗ್ರಂಥ ಬರೆದ. ಅದರಲ್ಲಿ ಇದೇ ಪ್ರಶ್ನೆ ಬರುತ್ತದೆ. ಬರಗಾಲದ ರೋಡ್ಸ್ ದ್ವೀಪಕ್ಕೆ ಒಬ್ಬ ವರ್ತಕ ಹಡಗಿನ ತುಂಬ ಧಾನ್ಯ ತರುತ್ತಾನೆ. ಹಿಂದೆಯೇ ಇನ್ನೂ ಹಲವು ಹಡಗುಗಳು ಬರುತ್ತಿವೆ ಎಂದು ಅವನಿಗೆ ಗೊತ್ತು, ಊರವರಿಗೆ ಗೊತ್ತಿಲ್ಲ. ಹೇಳಿದರೆ ಬೆಲೆ ಇಳಿಯುತ್ತದೆ. ಹೇಳಬೇಕೆ? ಹೇಳದಿರುವುದು ಬೇರೆ, ಮರೆಮಾಚುವುದು ಬೇರೆ ಎಂದು ಒಬ್ಬ ತತ್ವಜ್ಞಾನಿ ವಾದಿಸುತ್ತಾನೆ. ಮನುಷ್ಯರು ಒಂದೇ ಸಮಾಜದವರಾಗಿರುವಾಗ ಆ ಭೇದ ನಿಲ್ಲದು ಎಂದು ಇನ್ನೊಬ್ಬ. ಸಿಸೆರೊ ಎರಡನೆಯವನ ಕಡೆಗೆ ವಾಲುತ್ತಾನೆ.

ಹದಿಮೂರನೆಯ ಶತಮಾನದ ಸಂತ ತೋಮಾಸ್ ಅಕ್ವಿನಾಸರು ಇದೇ ವಿಷಯವನ್ನು ಸುಮ್ಮಾ ತಿಯೊಲೋಜಿಯೆಯ ಎರಡನೆಯ ಭಾಗದಲ್ಲಿ, ವ್ಯಾಪಾರದ ಮೋಸಗಳ ಕುರಿತ 77ನೇ ಪ್ರಶ್ನೆಯಲ್ಲಿ ಬಿಡಿಸಿದ್ದಾರೆ. ಸೆಮಿನರಿಯಲ್ಲಿ ಅದನ್ನು ಓದುವಾಗ ಒಣ ತರ್ಕವೆಂದು ತೋರಬಹುದು. ದನದ ಸಂತೆಗೆ ಒಯ್ದರೆ ಅದು ಎಷ್ಟು ಹಸಿ ಎಂದು ತಿಳಿಯುತ್ತದೆ. ಧಾನ್ಯದ ವರ್ತಕನ ವಿಷಯದಲ್ಲಿ ಅವರು ಸಿಸೆರೊಗಿಂತ ಮೃದು. ನಾಳೆಯ ಬೆಲೆಯನ್ನು ಹೇಳುವುದು ಸದ್ಗುಣ, ಆದರೆ ನ್ಯಾಯದ ಕಟ್ಟುಪಾಡಲ್ಲ ಎನ್ನುತ್ತಾರೆ. ಕುದುರೆಗೆ ಒಂದೇ ಕಣ್ಣು ಇರುವುದು ಎದ್ದು ಕಾಣುತ್ತಿದ್ದರೆ ಅದನ್ನೂ ಸಾರಬೇಕಾಗಿಲ್ಲ, ಬೆಲೆ ತಕ್ಕಷ್ಟು ಇಳಿದಿದ್ದರೆ ಸಾಕು. ಆದರೆ ದೋಷ ವಸ್ತುವಿನೊಳಗೇ ಇದ್ದು, ಹೊರಗೆ ಕಾಣದೆ, ಕೊಂಡವನಿಗೆ ನಷ್ಟವನ್ನೋ ಅಪಾಯವನ್ನೋ ತರುವಂತಿದ್ದರೆ ಮಾರುವವನು ಹೇಳಲೇಬೇಕು.

ನಮ್ಮ ಯಜಮಾನ ಇಲ್ಲಿ ಒಂದು ಜಾಣ ಉತ್ತರ ಕೊಡಬಹುದು. ನನ್ನ ಗೂಳಿಯಲ್ಲಿ ದೋಷವೇ ಇಲ್ಲವಲ್ಲ! ಅದು ಗಟ್ಟಿಮುಟ್ಟಾಗಿದೆ, ಅದರ ಮಾಂಸದಲ್ಲಿ ಕೊರತೆಯಿಲ್ಲ. ನಿಜ, ಕಟುಕನಿಗೆ ಮಾರುವುದಾದರೆ ಈ ಮಾತು ಪೂರ್ತಿ ಸರಿ. ಆದರೆ ವಂಶಾವಳಿಯ ಕಾಗದದೊಂದಿಗೆ ಮಾರುವಾಗ ಅವನು ಹತ್ತು ಪಟ್ಟು ಬೆಲೆ ಕೇಳುವುದು ಯಾವುದಕ್ಕೆ? ಮಾಂಸಕ್ಕಲ್ಲ, ಇನ್ನೂ ಹುಟ್ಟದ ಕರುಗಳಿಗೆ. ಆ ಕರುಗಳಲ್ಲಿ ಇರುವ ಕೇಡು ಮಾರಿದ ವಸ್ತುವಿನೊಳಗಿನ ಕೇಡೇ. ಮಾರುವ ಮುಂಚೆ ಯಾವುದನ್ನು ಹೊಗಳಿದೆವೋ ಅದರ ಕುರಿತೇ ಮೌನವಾಗಿರುವುದು ಬರಿಯ ಮೌನವಾಗಿ ಉಳಿಯುವುದಿಲ್ಲ ಎಂದು ನನ್ನ ಅಭಿಪ್ರಾಯ. ಇನ್ನು ಮಕ್ಕಳ ಮೇಲಿನ ಕರ್ತವ್ಯ: ಅವನಿಂದ ಗೂಳಿ ಕೊಳ್ಳುವವನ ಮನೆಯಲ್ಲೂ ಸಾಲವಿದೆ, ಕಾಲೇಜಿಗೆ ಹೊರಟ ಮಗಳಿದ್ದಾಳೆ.

ಇದಕ್ಕಿಂತ ಕಷ್ಟದ್ದು ಹಿಂದಿನ ಮಾರಾಟಗಳ ಪ್ರಶ್ನೆ. 2004ರಲ್ಲಿ ಒಳ್ಳೆಯ ಮನಸ್ಸಿನಿಂದ ಮಾರಿದ ಗೂಳಿ ದೋಷ ಹೊತ್ತಿತ್ತೆಂದು 2008ರಲ್ಲಿ ತಿಳಿದರೆ? ಅಕ್ವಿನಾಸರ ಉತ್ತರ ನಿಷ್ಠುರವಾಗಿದೆ. ತಿಳಿಯದೆ ಮಾರಿದವನಿಗೆ ಪಾಪವಿಲ್ಲ. ಆದರೆ ದೋಷ ತಿಳಿದ ಮೇಲೆ ಕೊಂಡವನ ನಷ್ಟವನ್ನು ಅವನು ತುಂಬಿಕೊಡಬೇಕು. ಪಾಪವಿಲ್ಲ ಎಂದ ಮಾತ್ರಕ್ಕೆ ಋಣವಿಲ್ಲ ಎಂದಲ್ಲ. ನಾನು ಇದನ್ನು ಸ್ವಲ್ಪ ತಗ್ಗಿಸಿ ಓದುತ್ತೇನೆ. ಗೂಳಿ ನಾಲ್ಕು ವರ್ಷ ದುಡಿದಿದೆ, ಅದರ ಹೆಚ್ಚಿನ ಕರುಗಳು ಒಳ್ಳೆಯ ಬೆಲೆಗೇ ಹೋಗಿರಬಹುದು. ಎಲ್ಲ ನಷ್ಟಕ್ಕೂ ಮಾರಿದವನನ್ನು ಹೊಣೆ ಮಾಡಿದರೆ ಅವನ ಕುಟುಂಬ ಬೀದಿಗೆ ಬೀಳುತ್ತದೆ. ಆದರೆ ಫೋನೆತ್ತಿ ಕೊಂಡವನಿಗೆ ತಿಳಿಸುವುದಂತೂ ಯಾವ ವಿನಾಯಿತಿಯೂ ಇಲ್ಲದ ಕರ್ತವ್ಯ. ತಿಳಿದವನು ಉಳಿದ ಹಸುಗಳಿಗೆ ನಿರ್ದೋಷ ಗೂಳಿಯನ್ನು ಬಿಟ್ಟರೆ ಒಂದು ಕರುವೂ ಸಾಯಬೇಕಾಗಿಲ್ಲ. ತಿಳಿಯದವನು ತನ್ನ ಕಡಸುಗಳನ್ನು ಅದೇ ವಂಶದ ಇನ್ನೊಂದು ಗೂಳಿಗೆ ಕೂಡಿಸುತ್ತಾನೆ, ಹಸು ಗಂಟೆಗಟ್ಟಲೆ ಹೆರಿಗೆ ನೋವು ತಿಂದು ಸತ್ತ ಕರು ಹಾಕುತ್ತದೆ. ಆ ಮೂಕ ಪ್ರಾಣಿಯ ನೋವಿಗೂ ಲೆಕ್ಕದಲ್ಲಿ ಜಾಗವಿರಬೇಕು.

ಬೈಬಲ್ಲಿನ ಮೊದಲ ತಳಿಗಾರ ಯಕೋಬನನ್ನು ನೆನೆಯಿರಿ. ಆದಿಕಾಂಡದ 30ನೇ ಅಧ್ಯಾಯದಲ್ಲಿ ಅವನ ಮಾವ ಲಾಬಾನ ಚುಕ್ಕೆಯ ಆಡುಗಳನ್ನು ಯಕೋಬನಿಗೆ ಸಿಗದಂತೆ ಅದೇ ದಿನ ಬೇರ್ಪಡಿಸಿ ಮೂರು ದಿನದ ಹಾದಿಯಷ್ಟು ದೂರ ಕಳುಹಿಸುತ್ತಾನೆ. ಅಳಿಯನೂ ತನ್ನ ಉಪಾಯದಲ್ಲಿ ಕಡಿಮೆಯೇನಲ್ಲ. ಆ ಅಧ್ಯಾಯವನ್ನು ಪ್ರಾಮಾಣಿಕತೆಯ ಪಾಠವೆಂದು ಬೋಧಿಸಲು ಯಾವ ಗುರುವಿಗೂ ಧೈರ್ಯ ಸಾಲದು! ಆದರೆ ಮುಂದಿನ ಅಧ್ಯಾಯದಲ್ಲಿ ಅವನು ಮಾವನೆದುರು ನಿಂತು, ಕಾಡುಮೃಗ ಸೀಳಿದ ಕುರಿಗಳ ನಷ್ಟವನ್ನು ನಿನ್ನ ಮೇಲೆ ಹಾಕದೆ ನಾನೇ ಹೊತ್ತೆ ಎಂದು ಹೇಳಬಲ್ಲವನಾಗಿದ್ದ. ಮೋಸಗಾರನೆಂದು ಹೆಸರಾದವನಿಗೂ ಇಪ್ಪತ್ತು ವರ್ಷದ ದುಡಿಮೆಯ ಕೊನೆಗೆ ತೋರಿಸಲು ಇದ್ದ ಹೆಮ್ಮೆ ಅದೊಂದೇ.

ಇದೆಲ್ಲ ಓದುವಾಗ ನಮ್ಮವರಿಗೆ ಮದುವೆ ಮಾತುಕತೆ ನೆನಪಾದರೆ ಆಶ್ಚರ್ಯವಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ನಗುತ್ತ ಹೇಳುವವರು ನಮ್ಮಲ್ಲಿ ಇದ್ದಾರೆ. ದಾಂಪತ್ಯವನ್ನು ಗಂಭೀರವಾಗಿ ಕದಡಬಲ್ಲ ವಿಷಯವನ್ನು, ಒಪ್ಪಿಗೆ ಪಡೆಯುವ ಸಲುವಾಗಿ ವಂಚನೆಯಿಂದ ಮುಚ್ಚಿಟ್ಟು ಆದ ಮದುವೆ ಸಿಂಧುವಲ್ಲ ಎಂದು ಧರ್ಮಸಭೆಯ 1983ರ ನಿಯಮಾವಳಿಯ 1098ನೇ ನಿಯಮ ಹೇಳುತ್ತದೆ. ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಮನುಷ್ಯನನ್ನು ತಳಿಯೆಂದು ಎಣಿಸಿದ ಕಥೆಯೂ ಇದೇ ಕಸುಬಿನ ಪಕ್ಕದಲ್ಲಿ ನಡೆದಿದೆ. 1903ರಲ್ಲಿ ಹುಟ್ಟಿದ ಅಮೆರಿಕದ ತಳಿಗಾರರ ಸಂಘ ಬೆಳೆ ಮತ್ತು ದನಗಳ ಜೊತೆಗೆ 1906ರಲ್ಲಿ ಮನುಷ್ಯರ 'ತಳಿ ಸುಧಾರಣೆ'ಗೂ ಸಮಿತಿ ಮಾಡಿತು. ಆ ಚಿಂತನೆ ಬಡವರ, ಮನೋರೋಗಿಗಳ ಬಲವಂತದ ಸಂತಾನಹರಣದವರೆಗೆ ಹೋಯಿತು. ಪೋಪ್ ಹನ್ನೊಂದನೆಯ ಪಯಸ್ 1930ರ ಕೊನೆಯ ದಿನ ಹೊರಡಿಸಿದ ಪರಿಪತ್ರದಲ್ಲಿ ಅದನ್ನು ಖಂಡಿಸಿದರು. ಗೂಳಿಯ ವಂಶದ ದೋಷ ಅದರ ಬೆಲೆಯನ್ನು ಇಳಿಸುತ್ತದೆ. ಮಗುವಿಗೆ ಇಳಿಸಲು ಬೆಲೆಯೇ ಇಲ್ಲ.

ಮತ್ತೆ ಹರಾಜಿನ ಕಟ್ಟೆಗೆ ಬರೋಣ, ಒಂದು ಸಂಶಯ ಉಳಿದಿದೆ. ಸರಕಿನ ದೋಷವನ್ನು ಡಂಗುರ ಹೊಡೆದು ಸಾರಬೇಕಾಗಿಲ್ಲ, ಕೊಳ್ಳಲು ಬಂದವನಿಗೆ ಹೇಳಿದರೆ ಸಾಕು ಎಂದು ಅಕ್ವಿನಾಸರು ರಿಯಾಯಿತಿ ಕೊಟ್ಟಿದ್ದಾರೆ. ಮೊದಲೇ ಸಾರಿದರೆ ಜನ ಹತ್ತಿರವೇ ಬಾರರು, ಸರಕಿನ ಒಳ್ಳೆಯ ಗುಣಗಳನ್ನು ತೂಗಿ ನೋಡುವ ಅವಕಾಶವೇ ಸಿಗದು ಎಂಬುದು ಅವರ ಕಾರಣ. ಆದರೆ ಹರಾಜಿನಲ್ಲಿ ಕೊಳ್ಳುವವನು ಯಾರೆಂದು ತಿಳಿಯುವುದೇ ಕೂಗು ನಿಂತ ಮೇಲೆ. ಅಲ್ಲಿ ಡಂಗುರವಲ್ಲದೆ ಬೇರೆ ದಾರಿಯಿಲ್ಲ. ಆಂಗಸ್ ದಾಖಲೆಗಳಲ್ಲಿ ಈಗ ಪರೀಕ್ಷೆಯಾದ ಪಶುವಿನ ಹೆಸರಿನ ಪಕ್ಕದಲ್ಲೇ ಅಕ್ಷರಗಳಿರುತ್ತವೆ: ದೋಷ ಹೊತ್ತಿದ್ದರೆ 'ಎ.ಎಂ.ಸಿ.', ಇಲ್ಲದಿದ್ದರೆ 'ಎ.ಎಂ.ಎಫ್.' ಕಾಗದವಿರುವಲ್ಲಿ ಕಾಗದ ಮಾತಾಡುತ್ತದೆ. ಕಾಗದವಿಲ್ಲದೆ ತೂಕಕ್ಕೆ ಮಾರುವ ಸಾಮಾನ್ಯ ಸಂತೆಗೆ ದೋಷ ಹೊತ್ತ ಕಡಸುಗಳನ್ನು ಹೊಡೆದುಕೊಂಡು ಹೋದವನ ಪಾಡೇನು? ಹೆಚ್ಚಿನವು ಕಸಾಯಿಖಾನೆಗೆ ಹೋಗುತ್ತವೆ, ಅಲ್ಲಿ ಹೇಳುವುದಕ್ಕೇನೂ ಇಲ್ಲ. ಆದರೆ ಆ ಗುಂಪಿನಲ್ಲಿ ಒಂದೆರಡನ್ನು, ಅಗ್ಗಕ್ಕೆ ಸಿಕ್ಕಿತೆಂದು, ಹೊಸದಾಗಿ ಹಿಂಡು ಕಟ್ಟುವ ಯಾವನೋ ಯುವಕ ಮನೆಗೆ ಹೊಡೆದುಕೊಂಡು ಹೋಗಬಹುದು. ಅವು ರಿಂಗಿನೊಳಗೆ ಬರುವ ಮುನ್ನ ಹರಾಜು ಕೂಗುವವನ ಕೈಗೆ ಒಂದು ಸಾಲು ಬರೆದುಕೊಟ್ಟರೆ ಅವನು ಅದನ್ನು ಓದುತ್ತಾನೆ. ಆಗ ಪೌಂಡಿಗೆ ಕೆಲವು ಸೆಂಟು ಕಡಿಮೆಯಾಗಬಹುದು.