ಜಾಗ ಮಾಡಿಕೊಟ್ಟವರು

ಅಮೆರಿಕನ್ ಫುಟ್‌ಬಾಲ್ ಮೈದಾನದ ಅಗಲ ಸುಮಾರು 49 ಮೀಟರ್. ಅಷ್ಟು ಬಯಲಿದ್ದರೂ ದಾಳಿ ಮಾಡುವ ತಂಡ ಕೆಲವೊಮ್ಮೆ ಚೆಂಡಿನ ಸುತ್ತಲೇ ಒತ್ತೊತ್ತಾಗಿ ನಿಲ್ಲುತ್ತದೆ. ಅಂಚಿನಲ್ಲಿ ನಿಲ್ಲೋ ರಿಸೀವರ್‌ಗಳೂ ಒಳಗೆ ಬಂದುಬಿಡ್ತಾರೆ. ಓಡೋಕೆ ಜಾಗ ಬೇಕಾದವರು ಗುಂಪುಗೂಡೋದು ಯಾಕೆ? ಅವರನ್ನು ಕಾಯುವವರೂ ಬೆನ್ನ ಹಿಂದೆಯೇ ಒಳಗೆ ಬರಬೇಕಲ್ಲ, ಅದಕ್ಕೆ. ಆಗ ಎರಡೂ ಅಂಚು ಖಾಲಿ. ಒಳಗಿಂದ ಹೊರಕ್ಕೆ ಓಡುವವನಿಗೆ ಬೇಕಾದಷ್ಟು ಜಾಗ. 2017ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಕೋಚ್ ಆದ ಶಾನ್ ಮೆಕ್‌ವೇ ಇದನ್ನು ತುಂಬಾ ಆಡಿಸಿದರು.

ನಮ್ಮ ಬೇವೂರಿನ ಕಡೆ ಕಬಡ್ಡಿ ಆಡಿದವರಿಗೆ ಇದು ಅರ್ಧ ಗೊತ್ತಿರೋದೇ. ರೈಡರ್ ಎಡ ಮೂಲೆಗೆ ಕಾಲು ಚಾಚಿದರೆ ಎದುರಿನ ಸರಪಳಿ ಅತ್ತ ವಾಲುತ್ತದೆ, ಬಲಗಡೆ ಬಯಲಾಗುತ್ತದೆ. ಇದು ಮೋಸ ಅಲ್ವಾ ಅಂದರೆ, ಅಲ್ಲ. ಎದುರಿನವರಿಗೂ ಆಟ ಗೊತ್ತು. ಆದರೆ ಕಬಡ್ಡಿಯಲ್ಲಿ ಜಾಗ ಮಾಡಿಕೊಂಡವನೇ ಅದನ್ನು ಬಳಸ್ತಾನೆ. ಅಲ್ಲಿ ಹಾಗಲ್ಲ, ಇಕ್ಕಟ್ಟಿಗೆ ಬರೋರು ಒಬ್ಬರು, ಬಯಲು ಸಿಗೋದು ಇನ್ನೊಬ್ಬರಿಗೆ.

ಕೂಪರ್ ಕಪ್ ಚೆಂಡು ಹಿಡಿಯೋ ಆಟಗಾರ. ಇಂಥ ವ್ಯೂಹದಲ್ಲಿ ಅವರಿಗೆ ತಮಗಿಂತ ದಪ್ಪ ಮಂದಿಯನ್ನು ತಳ್ಳೋ ಕೆಲಸ. ಅವರು ತಳ್ಳಿದ ದಾರಿಯಲ್ಲಿ ಓಡಿದವರು ಟಾಡ್ ಗರ್ಲಿ. 2018ರಲ್ಲಿ ಓಡಿಯೇ 17 ಟಚ್‌ಡೌನ್ ಮಾಡಿದರು, ಲೆಕ್ಕದಲ್ಲಿ ಗರ್ಲಿ ಹೆಸರೇ ಇರೋದು. ಇದು ಅನ್ಯಾಯ ಅಂತ ನನಗನಿಸಲ್ಲ. ಯಾಕೆ ತಳ್ಳಬೇಕು ಅಂತ ಕಪ್‌ಗೆ ಗೊತ್ತಿತ್ತು, ಒಪ್ಪಿ ಬಂದಿದ್ದರು, ದುಡ್ಡೂ ಸಿಗುತ್ತಿತ್ತು. ಮೇಲಾಗಿ ಅವರ ಪಾಳಿಯೂ ಬಂತು: 2021ರ ಸೀಸನ್‌ನಲ್ಲಿ 145 ಕ್ಯಾಚ್, 2022ರ ಫೆಬ್ರವರಿಯಲ್ಲಿ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರ.

ಗೊತ್ತಿರೋದು, ಒಪ್ಪಿರೋದು, ಪಾಳಿ ಬರೋದು. ಈ ಮೂರೂ ಇಲ್ಲದ ಕಡೆ ನಾವು ಏನಂತೀವಿ? ‘ತ್ಯಾಗ’ ಅಂತೀವಿ. ಹಳ್ಳಿಯಿಂದ ಓದಿ ಬಂದ ನನ್ನಂಥವರ ಭಾಷಣಗಳಲ್ಲಿ ಈ ಪದ ಬಲು ಸಲೀಸಾಗಿ ಬರುತ್ತೆ. ನಮ್ಮದು ಎರಡೇ ಕೋಣೆಯ ಮನೆ. ನಾನು ಪಿಯುಸಿ ಓದುವಾಗ ಒಳಕೋಣೆ ನನಗೊಬ್ಬನಿಗೆ. ಅಪ್ಪ, ಅವ್ವ, ಅಕ್ಕ, ಜೋಳದ ಚೀಲ ಎಲ್ಲ ಹೊರಕೋಣೆಯಲ್ಲಿ. ಅಕ್ಕನ ಶಾಲೆ ಹತ್ತಕ್ಕೇ ನಿಂತಿತ್ತು. ಯಾರೂ ಅವಳನ್ನು ಕೇಳಿರಲಿಲ್ಲ. ಕೇಳದೇ ತಗೊಂಡದ್ದಕ್ಕೆ ತ್ಯಾಗ ಅಂತ ಹೆಸರಿಟ್ಟರೆ ತಗೊಂಡವರಿಗೆ ಅನುಕೂಲ, ಲೆಕ್ಕ ಅಲ್ಲಿಗೇ ಮುಗೀತದೆ. ಜೊತೆಗೆ ಕೊಟ್ಟವರಿಗೆ ದೂರುವ ಹಕ್ಕೂ ಹೋಗ್ತದೆ. ತ್ಯಾಗಮಯಿ ಅನಿಸಿಕೊಂಡವಳು ಗೊಣಗೋದು ಹೇಗೆ?

ಹೋದ ಸಲ ಊರಿಗೆ ಹೋದಾಗ ಅಕ್ಕನನ್ನು ನೇರ ಕೇಳಿದೆ, ಆಗ ಕೇಳಿದ್ದರೆ ಏನಂತಿದ್ದೆ ಅಂತ. ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ.

“ಒಲ್ಲೆ ಅಂತಿದ್ದೆ ತಮ್ಮಾ,” ಅಂದಳು. “ನಾನೂ ಓದ್ತೀನಿ ಅಂತಿದ್ದೆ.”