ಸಮನಾದವರಲ್ಲಿ ಮೊದಲು ಯಾರು?

ಸಾಲಿನಲ್ಲಿ ನಿಲ್ಲುವುದು ಸುಲಭ. ಇತರರನ್ನು ಸಾಲಾಗಿ ನಿಲ್ಲಿಸುವುದು ಸುಲಭವಲ್ಲ. ಈ ಮಾತು ನನಗೆ ಮನದಟ್ಟಾದದ್ದು ಸಾಣಾಪುರದ ಕೆರೆಯ ದಂಡೆಯ ಮೇಲೆ.

ಹಬ್ಬಕ್ಕೆಂದು ಊರಿಗೆ ಬಂದಿದ್ದ ನನ್ನ ಹಳೆಯ ಶಿಷ್ಯನೊಬ್ಬ ಲ್ಯಾಪ್‌ಟಾಪ್ ತೆರೆದು ತೋರಿಸಿದ. ಒಂದು ಸಂಸ್ಥೆಯ ಹತ್ತು ವಿದ್ಯಾರ್ಥಿವೇತನಗಳಿಗೆ ಬಂದ ಅರ್ಜಿಗಳನ್ನು ಕ್ರಮವಾಗಿ ಜೋಡಿಸುವ ಪ್ರೋಗ್ರಾಂ ಅದು.

“ಮೊದಲು ಅಂಕ ನೋಡತೈತ್ರಿ ಸರ. ಅಂಕ ಸಮ ಬಂದ್ರ ಮನಿ ಆದಾಯ. ಕಡಿಮಿ ಇದ್ದವ್ರು ಮುಂದ. ಅದೂ ಸಮ ಆದ್ರ ಹೆಸರು.”

ಮೂರು ಸಲ ಜೋಡಿಸುವ ಗೊಡವೆಯಿಲ್ಲ. ಮೂರು ಅಳತೆಗಳನ್ನೂ ಒಂದೇ ಗಂಟಾಗಿ ಕಟ್ಟಿದ್ದಾನೆ. ಮೊದಲನೆಯದು ಸಮವಾದರೆ ಮಾತ್ರ ಎರಡನೆಯದರ ಸರದಿ. ನಿಘಂಟಿನ ಕ್ರಮವೂ ಇದೇ ಅಲ್ಲವೇ? ಮೊದಲ ಅಕ್ಷರ ಒಂದೇ ಆದರೆ ಎರಡನೆಯದನ್ನು ನೋಡುತ್ತೇವೆ. ಆದರೆ 1894ರ ಕಿಟೆಲ್ ನಿಘಂಟಿನಲ್ಲಿ ಕೊನೆಗೆ ಬಂದ ಪದಕ್ಕೆ ನಷ್ಟವೇನೂ ಇಲ್ಲ. ಇಲ್ಲಿ ಹನ್ನೊಂದನೆಯವನಿಗೆ ಓದೇ ನಿಲ್ಲಬಹುದು.

ಹತ್ತನೆಯ ಸ್ಥಾನದಲ್ಲಿ ಅಂಥದೇ ಇಕ್ಕಟ್ಟು. ಇಬ್ಬರ ಅಂಕವೂ ಒಂದೇ, ಆದಾಯವೂ ಒಂದೇ. ಒಬ್ಬಳ ಹೆಸರು ‘ಅ’ದಿಂದ, ಇನ್ನೊಬ್ಬನದು ‘ಹ’ದಿಂದ. ‘ಹ’ದವನು ಹೊರಗುಳಿದ.

“ಯಂತ್ರಕ್ಕ ಭೇದಭಾವ ಇಲ್ರಿ ಸರ.”

“ಯಂತ್ರಕ್ಕಿಲ್ಲಪ್ಪ. ಹೆಸರು ನೋಡು ಅಂತ ಹೇಳಿದವನು ನೀನಲ್ಲವೇ?” ಎಂದೆ.

ಹಾಗಾದರೆ ಹೆಸರನ್ನು ಕೈಬಿಟ್ಟರಾಯಿತೇ? ಆತ ಬಳಸಿದ್ದ ಪೈಥಾನ್ ಭಾಷೆಯ ವಿಂಗಡಣೆಗೆ ಒಂದು ಗುಣವಿದೆ: ಸಮನಾದವರನ್ನು ಅದು ಕದಲಿಸುವುದಿಲ್ಲ, ಮೊದಲಿದ್ದ ಕ್ರಮದಲ್ಲೇ ಬಿಡುತ್ತದೆ. ಒಳ್ಳೆಯ ಗುಣವೇ. ಆದರೆ ಮೊದಲಿದ್ದ ಕ್ರಮ ಯಾವುದು? ಅರ್ಜಿ ತಲುಪಿದ ಕ್ರಮ. ಮನೆಯಲ್ಲಿ ಇಂಟರ್ನೆಟ್ ಇದ್ದವರು ಮೊದಲ ದಿನವೇ ಕಳಿಸಿದರು. ಬಸ್ಸು ಹಿಡಿದು ಗಂಗಾವತಿಗೆ ಹೋಗಬೇಕಾದವರು ಮೂರನೆಯ ದಿನ. ಅಳತೆಯೇ ಇಲ್ಲವೆಂದುಕೊಂಡ ಕಡೆಯಲ್ಲೂ ಒಂದು ಅಳತೆ ಅಡಗಿ ಕೂತಿದೆ!

ಎಲ್ಲ ವಿಂಗಡಣೆಯೂ ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಹತ್ತೇ ಇರುವಾಗ ಆರಿಸಲೇಬೇಕು. ಆದರೆ ಯಾವ ಅಳತೆ ಮೊದಲು, ಯಾವುದು ಆಮೇಲೆ ಎಂಬುದು ಗಣಿತದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ಅದನ್ನು ಒಂದೇ ಕಡೆ, ಎಲ್ಲರೂ ಓದಿ ತಿಳಿಯುವಂತೆ ಬರೆದಿಡಬೇಕು. ಬರವಣಿಗೆಯ ಅಚ್ಚುಕಟ್ಟು ಇಲ್ಲಿ ಬರಿಯ ಅಲಂಕಾರವಲ್ಲ, ಹಿಂದುಳಿದವನು “ನಾನೇಕೆ ಹಿಂದೆ?” ಎಂದಾಗ ಕೊಡಬೇಕಾದ ಉತ್ತರ. ಅಳತೆಗಳೆಲ್ಲ ಮುಗಿದ ಮೇಲೂ ಇಬ್ಬರು ಸಮನಾಗಿಯೇ ಉಳಿದರೆ, ಸಮನೆಂದು ಒಪ್ಪಿಕೊಳ್ಳುವುದೇ ಸತ್ಯ.

ಶಿಷ್ಯ ಸುಮ್ಮನೆ ಕೂತಿದ್ದ. ಆಮೇಲೆ ಹೆಸರಿನ ಅಳತೆಯನ್ನು ಅಳಿಸಿ, ‘ಇಬ್ಬರೂ ಸಮ’ ಎಂದು ಪ್ರೋಗ್ರಾಂ ತಾನೇ ಹೇಳುವಂತೆ ಒಂದು ಸಾಲು ಸೇರಿಸಿದ.

“ಹನ್ನೊಂದನೇದು ಕೊಡಾಕ ಆಗತೈತೇನು ಅಂತ ಅವರನ್ನ ಕೇಳತೀನ್ರಿ ಸರ” ಎಂದ.